ಟಿಕೆಟ್ಟಿನ ರೇಟು ನೋಡಬ್ಯಾಡ್ರಿ, ಅತ್ತಿಯವರ ಮೊಣಕಾಲು ನೋಡ್ರಿ

ಯುರೋಪಿಗೆ ಹೊಂಟವರ ಮನಿಯೊಳಗ ಈಗ ಒಂದು ಮಾತು ಭಾಳ ಕೇಳಿಬರ್ತದ. "ಅಲ್ಲೆ ಒಂದು ದೇಶದಿಂದ ಇನ್ನೊಂದು ದೇಶಕ್ಕ ವಿಮಾನ ಬರೇ ಎರಡೂವರೆ ಸಾವಿರ ರೂಪಾಯಿ ರೀ! ದೀಪಾವಳಿ ಮುಂದ ಬೆಂಗಳೂರಿಂದ ಹುಬ್ಬಳ್ಳಿಗೆ ಬರೋ ಸ್ಲೀಪರ್ ಬಸ್ಸಿಗೇ ಅಷ್ಟು ಕೊಡ್ತೀವಿ." ಈ ಮಾತು ಹೇಳೋವರು ಹೆಚ್ಚಾಗಿ ಗಂಡಸರು. ಕೈಯಾಗ ಮೊಬೈಲ್ ಇರ್ತದ, ಮಾರಿ ಮ್ಯಾಲೆ ಯುದ್ಧ ಗೆದ್ದ ಕಳೆ ಇರ್ತದ. ಅದನ್ನ ಕೇಳಿದವರು ಹೌದ್ರೀ ಹೌದ್ರೀ ಅಂತ ಗೋಣು ಹಾಕ್ತಾರ.

ನಾ ಗೋಣು ಹಾಕೂದಿಲ್ಲ. ನಾ ಓದಿದ್ದು ಪಿಯುಸಿ ತನಕ. ಆದ್ರ ಮೂವತ್ತು ವರ್ಷದಿಂದ ಕಿರಾಣಿ, ಹಾಲು, ಗ್ಯಾಸು, ಮಕ್ಕಳ ಫೀ, ಮದವಿ, ಮುಂಜಿವಿ ಎಲ್ಲಾ ಲೆಕ್ಕ ಒಂದು ನೋಟ್‌ಬುಕ್ಕಿನ್ಯಾಗ ಬರಕೊಂಡು ಬಂದೀನಿ. ಆ ನೋಟ್‌ಬುಕ್ಕು ನನಗ ಕಲಿಸಿದ್ದು ಒಂದ ಪಾಠ. ಬದನಿಕಾಯಿ ಅಗ್ಗ ಸಿಕ್ತು ಅಂತ ಆಟೋ ಮಾಡಿಕೊಂಡು ದೂರದ ಸಂತಿಗೆ ಹೋದ್ರ, ಆಟೋ ರೊಕ್ಕಾನೂ ಬದನಿಕಾಯಿ ಲೆಕ್ಕದಾಗ ಬರೀಬೇಕು. ಹಂಗ ಬರದ ಮ್ಯಾಲೆ ಅಗ್ಗ ಉಳೀತಂದ್ರ ಅದು ಖರೇ ಅಗ್ಗ.

ಹೋದ ವರ್ಷ, ಅಂದ್ರ 2025ರ ದಸರಾ ಸೂಟಿಯೊಳಗ ನಾವು ಒಂಬತ್ತು ಮಂದಿ ಯುರೋಪಿಗೆ ಹೋಗಿದ್ವಿ. ಎಪ್ಪತ್ತೆಂಟು ವರ್ಷದ ನಮ್ಮ ಅತ್ತಿಯವರು, ನಾನು, ನಮ್ಮನಿಯವರು, ಮೈದುನ, ನೆಗೆಣ್ಣಿ, ಅವರ ಎರಡು ಹುಡುಗೂರು, ನಾದಿನಿ, ಆಕಿ ಗಂಡ. ಮಿಲಾನ್‌ದಿಂದ ಪ್ಯಾರಿಸ್ಸಿಗೆ ಹೆಂಗ ಹೋಗೂದು ಅನ್ನೂದರ ಮ್ಯಾಲೆ ಹೊರಡೂಕಿಂತ ಎರಡು ತಿಂಗಳ ಮೊದಲ ಮನಿಯೊಳಗ ದೊಡ್ಡ ಗದ್ದಲ ಆತು. ಮೈದುನ ಅಗ್ಗದ ವಿಮಾನ ಅಂದ. ನಾದಿನಿ ಗಂಡ ಬಸ್ಸು ಅಂದ್ರು. ನಾ ನೋಟ್‌ಬುಕ್ ತಗದು ರೈಲು ಅಂದೆ. ಆ ಪುಟ ಈಗ ನಿಮ್ಮ ಮುಂದ ಇಡ್ತೀನಿ. ಲೆಕ್ಕ ಸರಳ ಇರ್ಲಿ ಅಂತ ಸಣ್ಣವರಿಗೂ ದೊಡ್ಡವರಿಗೂ ಒಂದ ರೇಟು ಹಿಡದೀನಿ.

ವಿಮಾನದ ಟಿಕೆಟ್ ತಲಿಗೆ 25 ಯುರೋ. ಇದನ್ನ ನೋಡಿಯೇ ಮೈದುನ ಕುಣದದ್ದು. ಆದ್ರ ಈ ರೊಕ್ಕದಾಗ ನೀವು ಒಯ್ಯಬಹುದಾದ್ದು ಮುಂದಿನ ಸೀಟಿನ ಕೆಳಗ ಹಿಡಿಯೋ ಒಂದು ಸಣ್ಣ ಚೀಲ ಅಷ್ಟ. ನಮ್ಮಂಥವರು ಹದಿನೈದು ದಿನದ ಪ್ರವಾಸಕ್ಕ ಸ್ವೆಟರ್, ಶಾಲು, ಔಷಧಿ, ಚಟ್ನಿಪುಡಿ ಎಲ್ಲಾ ಹೊತಗೊಂಡು ಹೋಗೋರು. 20 ಕಿಲೋ ಬ್ಯಾಗಿಗೆ 35 ಯುರೋ ಬ್ಯಾರೆ. ಮೂಗಿಗಿಂತ ಮೂಗುತಿ ಭಾರ ಅನ್ನೂದು ಇದಕ್ಕ ನೋಡ್ರಿ. ಹಣ್ಣಾದ ಅತ್ತಿಯವರ ಬಾಜೂಕ ಯಾರರೆ ಕೂಡಬೇಕಲ್ಲ, ಅದಕ್ಕ ಸೀಟು ಆರಿಸಿಕೊಂಡ್ರ 8 ಯುರೋ. ವಿಮಾನ ನಿಲ್ದಾಣಕ್ಕ ಹೋಗಾಕ ಬಸ್ಸಿಗೆ 10. ಆ ಕಡೆ ಇಳದು ಊರಿಗೆ ಬರಾಕ ಬಸ್ಸಿಗೆ 18. ಕೂಡಿಸ್ರಿ. ಇಪ್ಪತ್ತೈದರ ಟಿಕೆಟ್ 96 ಆತು.

ಎರಡು ತಿಂಗಳ ಮೊದಲ ತಗೊಂಡ ರೈಲಿನ ಟಿಕೆಟ್ ನಮಗ ತಲಿಗೆ 69 ಯುರೋ ಬಿತ್ತು. ಬ್ಯಾಗಿಗೆ ಬ್ಯಾರೆ ರೊಕ್ಕ ಇಲ್ಲ, ಸೀಟಿಗೆ ಬ್ಯಾರೆ ರೊಕ್ಕ ಇಲ್ಲ. ತಲಿಗೆ 27 ಯುರೋ ಉಳೀತು, ಒಂಬತ್ತು ಮಂದಿಗೆ 243. ನಮ್ಮ ರೊಕ್ಕದಾಗ ಸುಮಾರು ಇಪ್ಪತ್ತೈದು ಸಾವಿರ. ಈ ಟಿಕೆಟ್ಟಿನ ರೇಟು ದಿನಾ ಏರ್ತದ, ಇಳೀತದ, ನಿಮಗ ಇದ ರೇಟು ಸಿಗ್ತದ ಅಂತ ನಾ ಹೇಳೂದಿಲ್ಲ. ಕೂಡಿಸೋ ರೀತಿ ಮಾತ್ರ ಇದ.

"ರೊಕ್ಕ ಬಿಡ್ರಿ ವೈನಿ, ಹೊತ್ತು ಉಳೀತದಲ್ಲ" ಅಂದ ಮೈದುನ. ಸರಿ, ಹೊತ್ತಿನ ಲೆಕ್ಕಾನೂ ಹಾಕೋಣು. ಅಗ್ಗದ ವಿಮಾನಗಳು ಹೆಚ್ಚಾಗಿ ಊರಿನ ದೊಡ್ಡ ನಿಲ್ದಾಣಕ್ಕ ಬರೂದಿಲ್ಲ. ಟಿಕೆಟ್ ಮ್ಯಾಲೆ ಮಿಲಾನ್ ಅಂತ ಇರ್ತದ, ಜೊತಿಗೆ ಬೆರ್ಗಮೊ ಅಂತ ಇರ್ತದ. ಬೆರ್ಗಮೊ ಬ್ಯಾರೆ ಊರು, ಮಿಲಾನ್‌ದಿಂದ ಸುಮಾರು 50 ಕಿಲೋಮೀಟರ್ ದೂರ. ಪ್ಯಾರಿಸ್ ಅಂತ ಇರ್ತದ, ಜೊತಿಗೆ ಬೋವೆ ಅಂತ ಇರ್ತದ. ಬೋವೆ ಪ್ಯಾರಿಸ್ಸಿಂದ ಸುಮಾರು 80 ಕಿಲೋಮೀಟರ್. ಹುಬ್ಬಳ್ಳಿ ಅಂತ ಟಿಕೆಟ್ ಕೊಟ್ಟು ಹಾವೇರಿಯೊಳಗ ಇಳಿಸಿದ್ರ ನಾವು ಸುಮ್ಮನ ಇರ್ತೀವೇನು? ಕಂಡಕ್ಟರ್ ಜೊತಿಗೆ ಜಗಳಾನ ಆಡ್ತೀವಿ. ವಿಮಾನದವರು ಮಾಡಿದ್ರ ಮಾತ್ರ ಅದು ಅಗ್ಗ ಅಂತ ಖುಷಿ ಪಡ್ತೀವಿ.

ಹೊತ್ತು ಬರಕೊಳ್ರಿ. ಮಿಲಾನ್ ಊರೊಳಗಿಂದ ಬೆರ್ಗಮೊಕ್ಕ ಬಸ್ಸು, ಒಂದು ತಾಸು. ಎರಡು ತಾಸು ಮೊದಲ ಹೋಗಿ ಕೂಡಬೇಕು. ಹಾರೂದು ಒಂದೂವರೆ ತಾಸು. ಇಳದು, ಬೆಲ್ಟಿನ ಮುಂದ ನಿಂತು, ಬ್ಯಾಗ್ ತಗೊಂಡು ಹೊರಗ ಬರೂದು ಮುಕ್ಕಾಲು ತಾಸು. ಬೋವೆಯಿಂದ ಪ್ಯಾರಿಸ್ಸಿಗೆ ಬಸ್ಸು, ಅದಕ್ಕ ಕಾಯೂದು ಹಿಡಿದು ಒಂದೂವರೆ ತಾಸು. ಒಟ್ಟು ಆರೂ ಮುಕ್ಕಾಲು. ಮಿಲಾನ್‌ದಿಂದ ಪ್ಯಾರಿಸ್ಸಿಗೆ ನೇರ ರೈಲು ಸುಮಾರು ಏಳು ತಾಸು. ಅದಕ್ಕೂ ಅರ್ಧ ತಾಸು ಮೊದಲ ಹೋಗ್ತೀವಿ ಅಂತ ಹಿಡಕೊಂಡ್ರ ಏಳೂವರೆ.

ಮುಕ್ಕಾಲು ತಾಸು ವಿಮಾನ ಗೆದ್ದದ, ಒಪ್ಪಿದೆ. ಆದ್ರ ಆ ಆರೂ ಮುಕ್ಕಾಲು ತಾಸಿನ್ಯಾಗ ಕೂತದ್ದೆಷ್ಟು, ನಿಂತದ್ದೆಷ್ಟು? ಬಸ್ಸಿನ ಸಾಲು, ಬ್ಯಾಗಿನ ಸಾಲು, ತಪಾಸಣಿ ಸಾಲು, ಗೇಟಿನ ಸಾಲು. ಕೆಲವು ಕಂಪನಿಯೊಳಗ ನಮ್ಮಂಥಾ ಹೊರ ದೇಶದ ಪಾಸ್‌ಪೋರ್ಟಿನವರು ವೀಸಾ ತೋರಿಸಾಕ ಮತ್ತೊಂದು ಸಾಲಿನ್ಯಾಗ ನಿಲ್ಲಬೇಕು. ಶೂ ತಗೀರಿ, ಬೆಲ್ಟ್ ತಗೀರಿ, ನೀರಿನ ಬಾಟಲಿ ಚೆಲ್ಲರಿ. ಕೈಚೀಲದಾಗಿನ ಮಾವಿನಕಾಯಿ ಉಪ್ಪಿನಕಾಯಿ 100 ಮಿಲಿ ಮೀರಿತು ಅಂತ ಅದನ್ನೂ ಬುಟ್ಟಿಗೆ ಹಾಕ್ರಿ. ಮೊಣಕಾಲು ನೋವಿನ ಮನಷ್ಯಾಗ ಹಾರೋ ಒಂದೂವರೆ ತಾಸು ಕಷ್ಟ ಅಲ್ಲ. ಅದರ ಹಿಂದಿನ ಮುಂದಿನ ನಿಲ್ಲೂದು ಕಷ್ಟ. ಆ ಕಷ್ಟಕ್ಕ ಮೊಬೈಲಿನ್ಯಾಗ ರೇಟು ತೋರ್ಸೂದಿಲ್ಲ.

ನಡಿಯಾಕ ಆಗದವರಿಗೆ ವಿಮಾನ ನಿಲ್ದಾಣದಾಗ ಗಾಲಿಕುರ್ಚಿ ಪುಕ್ಕಟೆ ಕೊಡಬೇಕು ಅಂತ ಅಲ್ಲಿ ಕಾನೂನು ಅದ. ಒಳ್ಳೆದು, ಬೇಕಾದವರು ಟಿಕೆಟ್ ತಗಿಯೂವಾಗ ಹೇಳಿ ಇಡ್ರಿ. ರೈಲಿಗೂ ಆ ಸಹಾಯ ಅದ, ಕನಿಷ್ಠ ಒಂದು ದಿನ ಮೊದಲ ಹೇಳಿ ಇಡಬೇಕು.

ಇನ್ನ ಬಸ್ಸಿನ ಮಾತು. ಬಸ್ಸಿನ್ಯಾಗ ಎರಡು ಥರ ಅವ. ಒಂದು, ಪ್ಯಾಕೇಜ್ ಟೂರಿನ ದೊಡ್ಡ ಬಸ್ಸು. ನಮ್ಮ ಓಣಿಯ ಒಬ್ಬ ವೈನಿ ಹತ್ತು ದಿನದಾಗ ಏಳು ದೇಶ ನೋಡಿ ಬಂದ್ರು. ಏನು ನೋಡಿದ್ರಿ ಅಂತ ಕೇಳಿದ್ರ "ಹೆದ್ದಾರಿ ನೋಡಿದ್ವಿ ರೀ" ಅಂದ್ರು. ಮುಂಜಾನೆ ಆರಕ್ಕ ಸೂಟ್‌ಕೇಸ್ ರೂಮಿನ ಹೊರಗ ಇಡಬೇಕು, ಏಳೂವರೆಗೆ ಬಸ್ಸು ಹತ್ತಬೇಕು. ಊರು ಬಂದಾಗ ಕೆಳಗಿಳದು ಹದಿನೈದು ಮಿನಿಟು ಫೋಟೋ ಹೊಡಕೊಂಡು ಮತ್ತ ಹತ್ತಬೇಕು. ಕಾಲು ಊದಿ ಚಪ್ಪಲಿ ಹಿಡೀವಲ್ದಂಗ ಆಗಿತ್ತಂತ.

ಇದು ಡ್ರೈವರ್‌ದು ತಪ್ಪಲ್ಲ, ಟೂರಿನವರದೂ ಪೂರ್ತಿ ತಪ್ಪಲ್ಲ. ದೊಡ್ಡ ಬಸ್ಸಿನ ಜಾತಕಾನ ಹಂಗದ. ಜರ್ಮನಿ, ಫ್ರಾನ್ಸಿನ ಹೆದ್ದಾರಿ ಎಷ್ಟ ಚಂದ ಇದ್ರೂ ಬಸ್ಸು ತಾಸಿಗೆ 100 ಕಿಲೋಮೀಟರ್ ದಾಟೂಹಂಗಿಲ್ಲ. ಯುರೋಪಿನ ನಿಯಮದ ಪ್ರಕಾರ ಡ್ರೈವರು ನಾಲ್ಕೂವರೆ ತಾಸು ಓಡಿಸಿದ್ರ 45 ಮಿನಿಟು ವಿಶ್ರಾಂತಿ ತಗೊಳ್ಳಲೇಬೇಕು, ದಿನಕ್ಕ ಸಾಮಾನ್ಯವಾಗಿ ಒಂಬತ್ತು ತಾಸಿನ ಮ್ಯಾಲೆ ಓಡಸೂಹಂಗಿಲ್ಲ. ಈ ನಿಯಮ ಭಾಳ ಛಲೋ, ನಮ್ಮ ಕಡೆ ರಾತ್ರಿ ಬಸ್ಸಿಗೂ ಇಷ್ಟು ಕಟ್ಟುನಿಟ್ಟಾಗಿ ಇರಬೇಕಿತ್ತು. ಆದ್ರ ಇದನ್ನ ಹಿಡಕೊಂಡು ಲೆಕ್ಕ ಹಾಕ್ರಿ. ಪ್ಯಾರಿಸ್ಸಿಂದ ಸ್ವಿಟ್ಜರ್ಲೆಂಡಿನ ಲೂಸರ್ನಿಗೆ ಸುಮಾರು 600 ಕಿಲೋಮೀಟರ್. ಬಸ್ಸಿನ್ಯಾಗ ಒಂದು ಇಡೀ ದಿನ ಹೋತು. ರೈಲಿನ್ಯಾಗ ಪ್ಯಾರಿಸ್ಸಿಂದ ಬಾಸೆಲ್ ಮೂರು ತಾಸು ಚಿಲ್ಲರೆ, ಅಲ್ಲಿಂದ ಲೂಸರ್ನ್ ಒಂದು ತಾಸು. ಮುಂಜಾನೆ ನಾಷ್ಟಾ ಮಾಡಿ ಹೊಂಟ್ರ ಮಧ್ಯಾಹ್ನದ ಊಟ ಕೆರಿ ದಂಡಿ ಮ್ಯಾಲೆ.

ಹೆಣ್ಮಕ್ಕಳು ಬಾಯಿಬಿಟ್ಟು ಹೇಳದ ಮಾತು ಒಂದದ, ನಾ ಹೇಳ್ತೀನಿ. ಸಂಡಾಸ. ಐವತ್ತು ದಾಟಿದ ಹೆಂಗಸಿಗೆ, ಸಕ್ಕರಿ ಕಾಯಿಲೆ ಇದ್ದವರಿಗೆ, ನೀರಿನ ಗುಳಿಗಿ ತಗೊಳ್ಳೋವರಿಗೆ ಇದು ಸಣ್ಣ ಮಾತಲ್ಲ. ಟೂರಿನ ಬಸ್ಸಿನ್ಯಾಗ ಸಂಡಾಸ ಇದ್ರೂ ಎಷ್ಟೋ ಕಡೆ ಅದಕ್ಕ ಬೀಗ ಹಾಕಿರ್ತಾರ. ಮುಂದಿನ ನಿಲುಗಡೆ ತನಕ ತಡಕೊಳ್ರಿ ಅಂತಾರ. ಜರ್ಮನಿಯ ಹೆದ್ದಾರಿ ಬಾಜೂಕಿನ ಸಂಡಾಸಕ್ಕ ಭಾಳ ಕಡೆ ಒಂದು ಯುರೋ ಕೊಟ್ಟು ಒಳಗ ಹೋಗಬೇಕು. ಒಂದ ಸಲಕ್ಕ ನಲವತ್ತು ಮಂದಿ ಇಳದ್ರ ಹೆಣ್ಮಕ್ಕಳ ಸಾಲು ಹೊರಗಿನ ತನಕ ಬರ್ತದ. ಇದಕ್ಕ ಹೆದರಿ ನಮ್ಮ ಹೆಣ್ಮಕ್ಕಳು ಏನು ಮಾಡ್ತಾರ ಗೊತ್ತೇನು? ದಿನಾಪೂರ್ತಿ ನೀರು ಕುಡಿಯೂದಿಲ್ಲ. ಸಂಜಿಗೆ ತಲಿನೋವು, ಉರಿಮೂತ್ರ. ಆಮ್ಯಾಲೆ ಎಲ್ಲಾರೂ "ಇವರಿಗೆ ಪ್ರವಾಸ ಒಗ್ಗೂದಿಲ್ಲ" ಅಂತಾರ. ಒಗ್ಗದೇ ಇದ್ದದ್ದು ಪ್ರವಾಸ ಅಲ್ರೀ, ಬೀಗ. ದೂರದ ರೈಲಿನ ಡಬ್ಬಿಯೊಳಗ ಸಂಡಾಸ ಇರ್ತದ, ಬೇಕಾದಾಗ ಎದ್ದು ಹೋಗಬಹುದು, ರೊಕ್ಕಾನೂ ಇಲ್ಲ.

ಎರಡನೇ ಥರದ ಬಸ್ಸು ಅಂದ್ರ ಊರಿಂದ ಊರಿಗೆ ಓಡೋ ಅಗ್ಗದ ಬಸ್ಸು. ಜರ್ಮನಿಯೊಳಗ 2013ರಾಗ ದೂರದ ಬಸ್ಸಿನ ಮ್ಯಾಲಿನ ನಿರ್ಬಂಧ ತಗದ ಮ್ಯಾಲೆ ಇವು ಭಾಳ ಬೆಳದಾವ. ರೊಕ್ಕ ಖರೇನ ಕಡಿಮಿ. ಇಪ್ಪತ್ತು ವರ್ಷದ ಹುಡುಗೂರಿಗೆ ವರ ಇದ್ದಂಗ. ನನ್ನ ಮಗಾ ಹೋಗ್ತೀನಿ ಅಂದ್ರ ನಾನ ಟಿಕೆಟ್ ತಗದು ಕೊಡ್ತೀನಿ. ಆದ್ರ ರಾತ್ರಿಪೂರ್ತಿ ಕೂತು, ನಸಿಕಿನ್ಯಾಗ ನಾಲ್ಕಕ್ಕ ಥಂಡಿಯೊಳಗ ಇಳದು, ಹೋಟೆಲ್ ರೂಮು ಸಿಗೋ ತನಕ ಮಧ್ಯಾಹ್ನ ಎರಡರ ವರೆಗೆ ಬೀದಿಯೊಳಗ ಬ್ಯಾಗ್ ಎಳಕೊಂಡು ಅಡ್ಡಾಡೂದು ನಮ್ಮ ವಯಸ್ಸಿನವರಿಗೆ ಅಲ್ಲ. ಒಂದು ರಾತ್ರಿಯ ಹೋಟೆಲ್ ರೊಕ್ಕ ಉಳಿಸಿ ಎರಡು ದಿನ ಮೈ ಕೆಡಿಸಿಕೊಂಡ್ರ ನೋಟ್‌ಬುಕ್ಕಿನ್ಯಾಗ ಅದನ್ನ ಉಳಿತಾಯ ಅಂತ ಬರೀಬೇಕೋ ಖರ್ಚು ಅಂತ ಬರೀಬೇಕೋ?

ರೈಲಿನ ಹೆಚ್ಚುಗಾರಿಕಿ ಊರಿನ ನಡುವ ಇಳಿಸೂದು. ಜರ್ಮನಿಯ ಕಲೋನ್‌ದಾಗ ಸ್ಟೇಷನ್ ಬಾಗಿಲದಿಂದ ಹೊರಗ ಬಂದ್ರ ಎದುರಿಗೇ ಅವರ ದೊಡ್ಡ ಕೆಥೆಡ್ರಲ್. ವೆನಿಸ್‌ದಾಗ ಸಾಂಟಾ ಲುಚಿಯಾ ಸ್ಟೇಷನ್ನಿನ ಮೆಟ್ಟಲ ಮುಂದನ ದೊಡ್ಡ ಕಾಲುವೆ, ದೋಣಿ. ಟೂರಿನ ಬಸ್ಸು ವೆನಿಸ್ ಒಳಗ ಹೋಗಾಕ ಬರೂದಿಲ್ಲ, ಊರ ಹೊರಗಿನ ಟ್ರೊಂಕೆಟ್ಟೊ ಅನ್ನೋ ದ್ವೀಪದ ಬಸ್ ನಿಲ್ದಾಣದಾಗ ಇಳಿಸಿ ಅಲ್ಲಿಂದ ದೋಣಿ ಹಿಡಿಯಾಕ ಹಚ್ತಾರ.

ನಾವು ಮಿಲಾನ್‌ದಿಂದ ಹೊಂಟ ರೈಲು ಟೂರಿನ್ ದಾಟಿ, ಆಲ್ಪ್ಸ್ ಗುಡ್ಡದ ಕೆಳಗ 1871ರಾಗ ತಗದ ಫ್ರೇಜ್ಯೂಸ್ ಸುರಂಗ ಹೊಕ್ಕು ಫ್ರಾನ್ಸಿಗೆ ಬರ್ತದ. ಸುಮಾರು 13 ಕಿಲೋಮೀಟರ್ ಕತ್ತಲಿ, ಆಮ್ಯಾಲೆ ಬ್ಯಾರೆ ದೇಶ. ನಾವು ಎದುರು ಬದುರು ಕೂತು ಖಟಕ ರೊಟ್ಟಿ, ಶೇಂಗಾ ಚಟ್ನಿ, ಉಪ್ಪಿನಕಾಯಿ ಬಿಚ್ಚಿದ್ವಿ. ಉಪ್ಪಿನಕಾಯಿ ಬಾಟಲಿ ಎಷ್ಟು ಮಿಲಿ ಅಂತ ಯಾರೂ ಕೇಳಲಿಲ್ಲ. ಅತ್ತಿಯವರು ಸ್ವಲ್ಪ ಹೊತ್ತು ಮಲಗಿದ್ರು, ಎದ್ದು ಡಬ್ಬಿಯೊಳಗ ಆ ಕಡೆ ಈ ಕಡೆ ನಡದಾಡಿದ್ರು, ಕಿಡಕಿಯಾಗ ಗುಡ್ಡ ನೋಡಿದ್ರು. ಏಳು ತಾಸಿನ ಪ್ರಯಾಣ ಅವರಿಗೆ ಪ್ರವಾಸದ ಒಂದು ದಿನ ಆತು, ಹಾಳಾದ ದಿನ ಆಗಲಿಲ್ಲ.

ಈಗ ನನ್ನ ಮ್ಯಾಲೆ ಬಾಣ ಬಿಡೋವರಿಗೆ ಉತ್ತರ.

"ರೈಲು ಭಾಳ ತುಟ್ಟಿ." ಹೌದು, ಹಿಂದಿನ ದಿನ ತಗೊಂಡ್ರ ತುಟ್ಟಿನ. ಹಂಗ ತಗೊಂಡ್ರ ವಿಮಾನಾನೂ ತುಟ್ಟಿ. ಗುಂಪಿಗೆ ಹೋಗೋವರು ತಿಂಗಳುಗಟ್ಟಲೆ ಮೊದಲ ವೀಸಾಕ್ಕ ಓಡಾಡಿರ್ತೀರಿ, ಟಿಕೆಟ್ ತಗೊಳ್ಳಾಕ ಏನು ಧಾಡಿ? ಭಾಳ ಊರು ಸುತ್ತೋವರಿಗೆ ಯುರೇಲ್ ಪಾಸ್ ಅದ. ಅದರಾಗ 60 ದಾಟಿದವರಿಗೆ ಸೋಡಿ ಅದ, ದೊಡ್ಡವರ ಪಾಸಿನ ಜೊತಿಗೆ 12 ವರ್ಷದೊಳಗಿನ ಎರಡು ಮಕ್ಕಳಿಗೆ ಪುಕ್ಕಟೆ ಪಾಸ್ ಸಿಗ್ತದ. ಒಂದು ಎಚ್ಚರಿಕಿ ಮಾತ್ರ: ಪಾಸ್ ಇದ್ರೂ ಫ್ರಾನ್ಸಿನ ಟಿಜಿವಿ, ಯೂರೋಸ್ಟಾರ್‌ಗೆ ಸೀಟಿನ ರೊಕ್ಕ ಬ್ಯಾರೆ ಕೊಡಬೇಕು. ಅದನ್ನೂ ನೋಟ್‌ಬುಕ್ಕಿನ್ಯಾಗ ಬರದ ಮ್ಯಾಲೆನ ಪಾಸೋ ಬಿಡಿ ಟಿಕೆಟ್ಟೋ ಅಂತ ಠರಾಯಿಸ್ರಿ. ಜರ್ಮನಿಯ ಬವೇರಿಯಾದಾಗ ದಿನದ ಟಿಕೆಟ್ ಒಂದದ, ಐದು ಮಂದಿ ತನಕ ಕೂಡಿ ಸಣ್ಣ ರೈಲಿನ್ಯಾಗ ತಿರಗಬಹುದು. ಗುಂಪಿನವರಿಗೆ ಇದಕ್ಕಿಂತ ಅಗ್ಗ ಏನು ಬೇಕು?

"ರೈಲು ತಡಾ ಆಗ್ತಾವ." ಹೌದು ಮತ್ತ. ಜರ್ಮನಿ ರೈಲು ಗಡಿಯಾರದಂಗ ಅನ್ನೂದು ಹಳೇ ಕಥಿ. 2024ರಾಗ ಅವರ ದೂರದ ರೈಲುಗಳಾಗ ವ್ಯಾಳ್ಯಾಕ್ಕ ಸರಿಯಾಗಿ ಬಂದದ್ದು ನೂರಕ್ಕ ಅರವತ್ತೆರಡರಷ್ಟು. ಫ್ರಾನ್ಸ್, ಇಟಲಿಯೊಳಗ ಸಂಪು ಆಗ್ತಾವ. ನಾವು ಹೋದ ಸುರಂಗದ ದಾರಿನ 2023ರ ಆಗಸ್ಟ್‌ನಾಗ ಗುಡ್ಡ ಕುಸದು, 2025ರ ಮಾರ್ಚ್ ಕೊನಿ ತನಕ ಬಂದ್ ಇತ್ತು. ಹಂಗಾಗಿ ನಾ ಹೇಳೂದು, ಒಂದ ದಿನದಾಗ ಮೂರು ರೈಲು ಬದಲಿ ಮಾಡೋ ಹಂಗ ಯೋಜನಿ ಹಾಕಬ್ಯಾಡ್ರಿ, ರೈಲು ಬದಲಿಸೋ ಕಡೆ ಒಂದು ತಾಸರೆ ಬಿಡ್ರಿ, ಊರಿಗೆ ಮರಳೋ ವಿಮಾನದ ದಿನ ದೂರದ ರೈಲು ಇಟಗೋಬ್ಯಾಡ್ರಿ. ತಡಾ ಆದ್ರ ಕೇಳೋ ಹಕ್ಕೂ ಅದ. ರೈಲು ಒಂದು ತಾಸು ತಡಾ ಆದ್ರ ಟಿಕೆಟ್ಟಿನ ಕಾಲು ಭಾಗ, ಎರಡು ತಾಸು ಆದ್ರ ಅರ್ಧ ರೊಕ್ಕ ವಾಪಸ್ ಕೇಳಬಹುದು. ಆದ್ರ ಕಂಪನಿ ಕೈಯಾಗ ಇಲ್ಲದ ಕಾರಣಕ್ಕ ತಡಾ ಆದ್ರ ಕೊಡಾಕಿಲ್ಲ ಅನ್ನಬಹುದು. ವಿಮಾನಕ್ಕೂ ಹಂಥಾ ಕಾನೂನು ಅದ.

"ಬ್ಯಾಗ್ ಎತ್ತೋರು ಯಾರು?" ಇದು ಖರೇ ಪ್ರಶ್ನಿ. ಅಲ್ಲಿ ಕೆಂಪು ಅಂಗಿ ಹಮಾಲರು ಬರೂದಿಲ್ಲ. ನಮ್ಮ ಹುಬ್ಬಳ್ಳಿಯೊಳಗ ಜಗತ್ತಿನ್ಯಾಗ ಎಲ್ಲಕ್ಕಿಂತ ಉದ್ದಂದು ಪ್ಲಾಟ್‌ಫಾರ್ಮ್ ಅದ, 1507 ಮೀಟರ್. ಅದರಾಗ ಗಂಟು ಹೊತ್ತು ಓಡಿದ ಮಂದಿಗೆ ನಾ ಏನು ಹೇಳ್ಲಿ? ತಲಿಗೆ ಒಂದ ಗಾಲಿ ಬ್ಯಾಗು, ನೀವ ಎತ್ತಿ ಇಡಾಕ ಆಗೋವಷ್ಟು. ಉಳದದ್ದನ್ನ ಮನಿಯೊಳಗ ಬಿಟ್ಟು ಬರ್ರಿ. ಪಾಸ್‌ಪೋರ್ಟ್ ಮಾತ್ರ ಆ ಬ್ಯಾಗಿನ ತಳದಾಗ ಇಡಬ್ಯಾಡ್ರಿ, ಗಡಿ ದಾಟೂವಾಗ ಪೊಲೀಸರು ರೈಲಿನ್ಯಾಗ ಬಂದು ಕೇಳಬಹುದು.

ಹಂಗಂತ ರೈಲಿಗೆ ಆರತಿ ಎತ್ತಿ ಕೂಡ್ರಿ ಅಂತ ನಾ ಹೇಳೂದಿಲ್ಲ. ಜರ್ಮನಿಯಿಂದ ಗ್ರೀಸಿಗೆ, ಪ್ಯಾರಿಸ್ಸಿಂದ ಪೋರ್ಚುಗಲ್ಲಿಗೆ ಹೋಗೋವರು ವಿಮಾನ ಹತ್ತರಿ, ಆದ್ರ ಊರಿಗೆ ಹತ್ತಿರದ ನಿಲ್ದಾಣ ನೋಡಿ ಹತ್ತರಿ. ರೈಲು ಹೋಗದ ಹಳ್ಳಿ, ಗುಡ್ಡ ನೋಡಬೇಕಂದ್ರ ಎಂಟೊಂಬತ್ತು ಮಂದಿ ಕೂಡಿ ಸಣ್ಣ ವ್ಯಾನು ಡ್ರೈವರ್ ಸಮೇತ ಮಾಡ್ರಿ. ಭಾಷೆ ಬರೂದಿಲ್ಲ, ಜೊತಿಗೆ ಮನಿಯ ಹುಡುಗೂರಿಲ್ಲ, ಬೆಳ್ಳುಳ್ಳಿ ಉಳ್ಳಾಗಡ್ಡಿ ಇಲ್ಲದ ಊಟಾನ ಬೇಕು ಅನ್ನೋ ವಯಸ್ಸಾದವರಿಗೆ ಅಡಗಿಯವರನ್ನ ಕರಕೊಂಡು ಹೋಗೋ ಪ್ಯಾಕೇಜ್ ಬಸ್ಸು ಆಧಾರ. ಅದನ್ನ ನಾ ತಗದು ಹಾಕೂದಿಲ್ಲ. ದೇಶ ಕಡಿಮಿ, ದಿನ ಹೆಚ್ಚು ಇರೋ ಟೂರು ಆರಿಸ್ರಿ. ಉಳದ ದಾರಿಗೆಲ್ಲಾ, ಏಳು ತಾಸಿನೊಳಗಿನ ರೈಲು ಇದ್ರ ರೈಲು. ಫ್ರಾನ್ಸಿನ ಸರಕಾರಾನ 2023ರಾಗ, ಎರಡೂವರೆ ತಾಸಿನೊಳಗ ರೈಲಿನ್ಯಾಗ ಮುಟ್ಟೋ ಕೆಲವು ಊರುಗಳ ನಡುವಿನ ವಿಮಾನ ಬಂದ್ ಮಾಡೇದ. ಹೊಗಿ ಕಡಿಮಿ ಆಗ್ಲಿ ಅನ್ನೂದು ಅವರ ಕಾರಣ. ನನ್ನ ಕಾರಣ ಮೊಣಕಾಲು. ಎರಡೂ ಒಂದ ಸ್ಟೇಷನ್ನಿಗೆ ಕರಕೊಂಡು ಹೋಗ್ತಾವ.

ನನಗ ಸಿಟ್ಟು ಬಂದದ್ದು ವಿಮಾನದ ಮ್ಯಾಲೂ ಅಲ್ಲ, ಬಸ್ಸಿನ ಮ್ಯಾಲೂ ಅಲ್ಲ. ಪ್ರವಾಸ ಠರಾಯಿಸೋ ಪದ್ಧತಿ ಮ್ಯಾಲೆ. ಹಾಲ್‌ನಾಗ ಗಂಡಸರು ಕೂತು ಮೊಬೈಲ್ ನೋಡಿ ಹೆಂಗ ಹೋಗೂದು ಅಂತ ಠರಾಯಿಸ್ತಾರ. ಅಡಗಿಮನಿಗೆ ಬರೋ ಪ್ರಶ್ನಿ ಒಂದ: "ಬುತ್ತಿಗೆ ಏನು ಕಟ್ತೀರಿ?" ಯಾರ ಕಾಲು ಊದ್ತಾವೋ, ಯಾರು ನೀರು ಕುಡಿಯೂದು ಬಿಡ್ತಾರೋ, ಯಾರು ಮಕ್ಕಳ ಸ್ವೆಟರ್, ಹಿರಿಯರ ಗುಳಿಗಿ, ಎಲ್ಲಾರ ಚೀಲ ಹೊತಗೊಂಡು ಸಾಲಿನ್ಯಾಗ ನಿಲ್ತಾರೋ, ಅವರನ್ನ ಕೇಳೂದ ಇಲ್ಲ. ನಮ್ಮ ಅತ್ತಿಯವರನ್ನ ಯಾರೂ ಕೇಳಿರಲಿಲ್ಲ. ನಾ ಕೇಳಿದೆ. "ನನಗ ಎಷ್ಟು ಹೊತ್ತಾದ್ರೂ ಕೂಡಾಕ ಬರ್ತದವಾ, ನಿಲ್ಲಾಕ ಬರೂದಿಲ್ಲ" ಅಂದ್ರು. ಆ ಒಂದು ಮಾತಿನ್ಯಾಗ ಎಲ್ಲಾ ಲೆಕ್ಕ ಮುಗೀತು.

ಅದಕ್ಕ ಹೇಳ್ತೀನಿ. ಈ ಸಲ ಗುಂಪು ಕಟ್ಟಿಕೊಂಡು ಹೋಗೋವರು ಟಿಕೆಟ್ ತಗಿಯೂಕಿಂತ ಮೊದಲ ನಿಮ್ಮ ಗುಂಪಿನ್ಯಾಗ ಎಲ್ಲಾರಿಗಿಂತ ನಿಧಾನ ನಡಿಯೋರು ಯಾರು ಅಂತ ನೋಡ್ರಿ. ಮೊಬೈಲ್ ತಗೊಂಡು ಅವರ ಬಾಜೂಕ ಹೋಗಿ ಕೂಡ್ರಿ. ಎಷ್ಟು ಸಾಲು, ಎಷ್ಟು ಮೆಟ್ಟಲ, ಎಷ್ಟು ತಾಸಿಗೊಮ್ಮೆ ಸಂಡಾಸ, ಮನಿ ಬಾಗಿಲದಿಂದ ಹೋಟೆಲ್ ಬಾಗಿಲ ತನಕ ಎಷ್ಟು ರೊಕ್ಕ, ನಾಲ್ಕನ್ನೂ ಓದಿ ಹೇಳ್ರಿ. ಅವರು ಹೂಂ ಅಂದ ಮ್ಯಾಲೆ ಬಟನ್ ಒತ್ತರಿ.